ಒಂದು ಗೋಡೆ, ಎರಡು ದಂಡೆ

ಮುನಿರಾಬಾದಿನಲ್ಲಿ ನಿಂತು ನೋಡಿದರೆ ತುಂಗಭದ್ರಾ ಅಣೆಕಟ್ಟು ಒಂದೇ ಗೋಡೆ. 33 ಗೇಟುಗಳು, ಆಚೆ ತುದಿಗೆ ಹೊಸಪೇಟೆ. ಆದರೆ ಅದನ್ನು ಕಟ್ಟಲು ತೊಡಗಿದಾಗ ಆ ಎರಡು ತುದಿಗಳನ್ನು ಆಳುತ್ತಿದ್ದವರು ಬೇರೆ ಬೇರೆ. ಎಡದಂಡೆ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು, ಬಲದಂಡೆ ಮದ್ರಾಸ್ ಪ್ರಾಂತ್ಯಕ್ಕೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ನಾಲ್ಕೂ ಆಗ ನಿಜಾಮರ ಸೀಮೆ.

ಬರಕ್ಕೆ ಸಿಕ್ಕುತ್ತಲೇ ಇದ್ದ ಈ ನಾಡಿಗೆ ನದಿಯ ನೀರನ್ನು ತಿರುಗಿಸುವ ಯೋಚನೆ 1860ರಷ್ಟು ಹಳೆಯದು. ಒಂದೇ ನದಿಯ ನೀರು ಯಾರಿಗೆಷ್ಟು ಎಂಬುದು ಇತ್ಯರ್ಥವಾಗಿ ಎರಡು ಸರ್ಕಾರಗಳು ಒಪ್ಪಂದಕ್ಕೆ ಬಂದದ್ದು 1944ರಲ್ಲಿ. 1945ರ ಫೆಬ್ರವರಿ 28ರಂದು ಶಂಕುಸ್ಥಾಪನೆ ನಡೆಯಿತು, ಅದೂ ಎರಡು ದಂಡೆಗಳಲ್ಲಿ ಬೇರೆ ಬೇರೆಯಾಗಿ. 1947ರ ಆಗಸ್ಟಿನಿಂದ 1948ರ ಸೆಪ್ಟೆಂಬರಿನವರೆಗೆ ಹೈದರಾಬಾದ್ ಭಾರತವನ್ನು ಸೇರಿರಲಿಲ್ಲ. ಅಷ್ಟು ಕಾಲ ಈ ಕಾಮಗಾರಿಯ ಒಂದು ತುದಿ ಒಕ್ಕೂಟದ ಒಳಗೆ, ಇನ್ನೊಂದು ಹೊರಗೆ! ಆದರೂ ಯೋಜನೆ ಮುರಿದುಬೀಳಲಿಲ್ಲ. 1953ರಲ್ಲಿ ನೀರು ಕಾಲುವೆಗಿಳಿಯಿತು. 1956ರಲ್ಲಿ ಎರಡೂ ದಂಡೆ ಒಂದೇ ರಾಜ್ಯಕ್ಕೆ ಸೇರಿದವು. ಆದರೆ ನೀರಿನ ಪಾಲುದಾರರು ಆಂಧ್ರದಲ್ಲೂ ಇದ್ದುದರಿಂದ ಅಣೆಕಟ್ಟಿನ ಉಸ್ತುವಾರಿ ತುಂಗಭದ್ರಾ ಮಂಡಳಿಯ ಕೈಯಲ್ಲೇ ಉಳಿಯಿತು.

ಹಾಗಾದರೆ ಇದು ಗೆದ್ದ ಕತೆಯೇ? ಗಂಗಾವತಿಯಲ್ಲಿ ಕೇಳಿದರೆ ಹೌದು. ಎಡದಂಡೆ ಕಾಲುವೆ ಅದನ್ನು ಭತ್ತದ ಕಣಜವಾಗಿಸಿತು. ಆಂಧ್ರದ ಕರಾವಳಿಯಿಂದ ಬಂದ ರೈತರು ‘ಕ್ಯಾಂಪು’ಗಳನ್ನು ಕಟ್ಟಿಕೊಂಡು ನೆಲೆಯೂರಿದರು. ಆದರೆ ಕಾಲುವೆಯ ನೀರು ಇಳಿಜಾರನ್ನೇ ಹಿಡಿದು ಸಿಂಧನೂರು, ಮಾನ್ವಿಗಳತ್ತ ಹರಿಯುತ್ತದೆ. ಉತ್ತರದ ಎತ್ತರದಲ್ಲಿರುವ ಕುಷ್ಟಗಿ, ಯಲಬುರ್ಗಾಗಳಿಗೆ ಅದು ಏರಲಿಲ್ಲ. ಅಲ್ಲಿನ ಎರೆ, ಮಸಾರಿ ಹೊಲಗಳು ಮಳೆಯನ್ನೇ ನಂಬಿಕೊಂಡವು. ಮಳೆ ಕೈಕೊಟ್ಟ ವರ್ಷ ಜನ ಗುಳೆ ಹೋದರು.

ಇಂಥದ್ದೇ ಇನ್ನೊಂದು ಗೋಡೆ ಪಶ್ಚಿಮ ಆಫ್ರಿಕದಲ್ಲಿದೆ. ಮಾಲಿ, ಮಾರಿಟೇನಿಯ, ಸೆನೆಗಲ್ ದೇಶಗಳು ಸೆನೆಗಲ್ ನದಿಗಾಗಿ 1972ರಲ್ಲಿ ಒಂದು ಸಂಸ್ಥೆ ಕಟ್ಟಿಕೊಂಡವು. ಮಾಲಿಯ ನೆಲದಲ್ಲಿರುವ ಮನಾಂತಾಲಿ ಅಣೆಕಟ್ಟಿಗೆ ಮೂರೂ ದೇಶಗಳು ಜಂಟಿ ಒಡೆಯರು. ಬಡ ದೇಶಗಳ ಸಹಕಾರಕ್ಕೆ ಅದು ಮಾದರಿ, ನಿಜ. ಆದರೆ ನೆರೆ ಇಳಿದ ಹಸಿ ನೆಲದಲ್ಲಿ ಬಿತ್ತಿ ಬೆಳೆಯುತ್ತಿದ್ದ ಕೆಳದಂಡೆಯ ರೈತರು ಆ ನೆರೆಯನ್ನೇ ಕಳೆದುಕೊಂಡರು.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರೆಯ 19ನೇ ಗೇಟು ಕೊಚ್ಚಿಹೋಯಿತು. ಎರಡೂ ರಾಜ್ಯಗಳು ಗಾಬರಿಗೊಂಡವು. ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಇಳಿಸಿ ನೀರು ಉಳಿಸಿಕೊಳ್ಳಲಾಯಿತು. ಗೇಟು ಮುರಿದರೆ ಒಂದು ವಾರದೊಳಗೆ ಎಲ್ಲರೂ ಒಟ್ಟಾಗಬಲ್ಲರು. ಯಲಬುರ್ಗಾದ ಹೊಲ ಒಣಗಿದ್ದಕ್ಕೆ ಅಂಥ ಗಾಬರಿ ಯಾವತ್ತೂ ಆಗಿಲ್ಲ. 1944ರಲ್ಲಿ ನೀರು ಹಂಚಿಕೊಂಡದ್ದು ಎರಡು ಸರ್ಕಾರಗಳು. ಒಂದೇ ದಂಡೆಯ ಗಂಗಾವತಿ ಮತ್ತು ಕುಷ್ಟಗಿಗಳ ನಡುವಿನ ಹಂಚಿಕೆ ಇನ್ನೂ ಬಾಕಿಯಿದೆ.