ಅನುಕಂಪಕ್ಕೆ ಅಳತೆಗೋಲು

ಧಾನ್ಯವನ್ನು ಕೊಳಗದಿಂದಲೂ ಚಿನ್ನವನ್ನು ತಕ್ಕಡಿಯಿಂದಲೂ ಅಳೆಯುವ ಮನುಷ್ಯನು, ಅನ್ಯ ಜನಾಂಗದವರ ಬಗೆಗೆ ತನ್ನ ಎದೆಯಲ್ಲಿರುವ ಭಾವವನ್ನು ಅಳೆಯಲು ಹೊರಟದ್ದು ಇಪ್ಪತ್ತನೆಯ ಶತಮಾನದಲ್ಲಿ.

1925ರಲ್ಲಿ ಅಮೆರಿಕದ ಲಾಸ್ ಏಂಜಲೀಸ್ ನಗರದ ಸಮಾಜಶಾಸ್ತ್ರಜ್ಞ ಎಮೊರಿ ಬೊಗಾರ್ಡಸ್ ಅವರು 'ಸಾಮಾಜಿಕ ಅಂತರ'ವನ್ನು ಅಳೆಯುವ ಏಳು ಮೆಟ್ಟಿಲುಗಳ ಮಾನದಂಡವನ್ನು ಪ್ರಕಟಿಸಿದರು. ಇಂಥ ಜನಾಂಗದವರನ್ನು ವಿವಾಹದಿಂದ ಬಂಧುಗಳನ್ನಾಗಿ ಒಪ್ಪುವಿರಾ? ಗೆಳೆಯರನ್ನಾಗಿ? ನೆರೆಯವರನ್ನಾಗಿ? ಸಹೋದ್ಯೋಗಿಗಳನ್ನಾಗಿ? ನಾಡಿನ ಪ್ರಜೆಗಳನ್ನಾಗಿ? ಕೇವಲ ಸಂದರ್ಶಕರನ್ನಾಗಿ? ಅಥವಾ ದೇಶದಿಂದಲೇ ಹೊರಗಿಡುವಿರಾ? ಒಪ್ಪಿಗೆಯು ಕೆಳಗಿನ ಮೆಟ್ಟಿಲಿಗೆ ಇಳಿದಷ್ಟೂ ಅಂತರ ಹೆಚ್ಚೆಂದು ಲೆಕ್ಕ.

ಈ ಪ್ರಶ್ನೆಗಳು ಪಂಡಿತರ ವಿನೋದವಾಗಿರಲಿಲ್ಲ. 1882ರ ಕಾನೂನು ಚೀನಾದ ಕೂಲಿಕಾರರಿಗೆ ಅಮೆರಿಕದ ಬಾಗಿಲನ್ನು ಮುಚ್ಚಿತ್ತು. ಅದು ರದ್ದಾದದ್ದು 1943ರಲ್ಲಿ.

ಆ ಕಾಲದಲ್ಲಿಯೇ, 1930ರ ನಂತರ, ರಿಚರ್ಡ್ ಲಾಪಿಯರ್ ಎಂಬ ವಿದ್ವಾಂಸರು ತರುಣ ಚೀನೀ ದಂಪತಿಗಳೊಡನೆ ಮೋಟಾರಿನಲ್ಲಿ ಅಮೆರಿಕದಲ್ಲಿ ಸುಮಾರು 10,000 ಮೈಲಿ ಸಂಚರಿಸಿದರು. ಅವರು ಹೋದ 251 ವಸತಿಗೃಹ, ಭೋಜನಗೃಹಗಳಲ್ಲಿ ಅವರನ್ನು ನಿರಾಕರಿಸಿದ್ದು ಒಂದೇ ಒಂದು. ಆರು ತಿಂಗಳ ತರುವಾಯ ಲಾಪಿಯರ್ ಅವರು ಅದೇ ಸ್ಥಳಗಳಿಗೆ, ಚೀನೀ ಜನಾಂಗದವರನ್ನು ಅತಿಥಿಗಳಾಗಿ ಸ್ವೀಕರಿಸುವಿರಾ ಎಂದು ಪತ್ರದ ಮೂಲಕ ಕೇಳಿದರು. ಉತ್ತರಿಸಿದ 128 ಸ್ಥಳಗಳಲ್ಲಿ ಶೇಕಡಾ 90ಕ್ಕೂ ಹೆಚ್ಚಿನವು ಇಲ್ಲವೆಂದವು. ಈ ಫಲಿತಾಂಶವು 1934ರಲ್ಲಿ ಪ್ರಕಟವಾಯಿತು.

ಬಾಗಿಲು ತೆರೆದವರೂ ಪತ್ರ ಬರೆದವರೂ ಒಬ್ಬರೇ ಆಗಿರಲಿಲ್ಲವೆಂದು ವಾದಿಸಬಹುದು. ಆದರೂ ಒಂದು ಸಂಗತಿ ಉಳಿಯುತ್ತದೆ: ಎದುರಿಗೆ ನಿಂತವರು ನಗುಮುಖದ ಇಬ್ಬರು ಪ್ರಯಾಣಿಕರು, ಪತ್ರದಲ್ಲಿದ್ದುದು ಒಂದು ಜನಾಂಗದ ಹೆಸರು ಮಾತ್ರ.

2003ರಲ್ಲಿ ಯೂ-ವೇ ವಾಂಗ್ ಮತ್ತು ಸಂಗಡಿಗರು 31 ಹೇಳಿಕೆಗಳ ಹೊಸ ಮಾಪನವನ್ನು ರಚಿಸಿದರು. ಅನ್ಯರ ನೋವಿಗೆ ಮಿಡಿಯುವುದು, ಅವರ ಸ್ಥಾನದಲ್ಲಿ ನಿಂತು ನೋಡುವುದು, ಆಚಾರಭೇದವನ್ನು ಒಪ್ಪುವುದು, ಅವರಿಗಾಗುವ ಅನ್ಯಾಯವನ್ನು ಅರಿಯುವುದು ಎಂಬ ನಾಲ್ಕು ಅಂಗಗಳು ಅದಕ್ಕಿವೆ. ಇಲ್ಲಿಯೂ ಅಳೆಯಲ್ಪಡುವುದು ಉತ್ತರಿಸುವವನು ತನ್ನ ವಿಷಯದಲ್ಲಿ ಹೇಳಿಕೊಳ್ಳುವ ಮಾತೇ.

ಹಾಗೆಂದು ಮಾತು ಹಗುರವಲ್ಲ. ಕಂಡ ಇಬ್ಬರಿಗೆ ಊಟವಿಕ್ಕಿದ ಕೈಯೇ, ಕಾಣದ ಸಾವಿರಾರು ಜನರ ವಿಷಯದಲ್ಲಿ ಇಲ್ಲವೆಂದು ಬರೆಯಬಲ್ಲದು. 61 ವರ್ಷ ಬಾಗಿಲು ಮುಚ್ಚಿದ ಕಾನೂನು ಯಾರ ಮುಖವನ್ನೂ ನೋಡಿರಲಿಲ್ಲ, ಹೆಸರನ್ನಷ್ಟೇ ನೋಡಿತ್ತು. ಅತಿಥಿಸತ್ಕಾರದಿಂದ ತೃಪ್ತರಾಗುವ ಸಜ್ಜನರು, ಅತಿಥಿಯು ಹೊರಟುಹೋದ ಮೇಲೆ ಅವನ ಜನರ ಬಗೆಗೆ ತಾವು ಆಡುವ ಮಾತನ್ನೂ ಒಮ್ಮೆ ತೂಗಿನೋಡುವುದು ಒಳಿತು.