ಎರಡು ಹೊಳೆ, ಒಂದು ದಿನ

ನನ್ನ ಸೋದರಳಿಯ ಹೋದ ವರ್ಷ ಕೆಲಸದ ಮೇಲೆ ಜಪಾನಿಗೆ ಹೋಗಿದ್ದವನು, ಬಿಡುವಾದ ಒಂದು ದಿನ ಕ್ಯೋಟೋ ನಗರವನ್ನು ನೋಡಿಕೊಂಡು ಬಂದ. 794ರಿಂದ ಹತ್ತೊಂಬತ್ತನೆಯ ಶತಮಾನದ ವರೆಗೆ ಚಕ್ರವರ್ತಿಗಳು ವಾಸವಾಗಿದ್ದ ಊರು ಅದು. ಬಂದವನು ಆ ಒಂದು ದಿನದ ಕಥೆಯನ್ನು ಮನೆಮಂದಿಗೆಲ್ಲ ಒಂದು ವಾರ ಹೇಳಿದ. ಕೊನೆಗೆ ಶಿವಮೊಗ್ಗದ ನಮ್ಮ ಮನೆಗೂ ಬಂದು, ಕಡುಬು ತಿನ್ನುತ್ತ, "ಮಾವ, ನಿಮ್ಮೂರಲ್ಲಿ ಒಂದು ದಿನ ಪೂರ್ತಿ ನೋಡೋದಕ್ಕೆ ಏನಿದೆ?" ಎಂದು ಕೇಳಿಬಿಟ್ಟ.

ಅವನದು ತಪ್ಪೆನ್ನಲಾರೆ. ಹೊರಗಿನವರಿಗೆ ಶಿವಮೊಗ್ಗವೆಂದರೆ ಜೋಗಕ್ಕೋ ಆಗುಂಬೆಗೋ ಹೋಗುವಾಗ ಬಸ್ಸು ಬದಲಿಸುವ ಜಾಗ. ಭದ್ರಾವತಿ ಎಂದರೆ ರೈಲಿನ ಕಿಟಕಿಯಿಂದ ಕಾಣುವ ಹೊಗೆಕೊಳವೆ. ಆದರೂ ಸ್ವಾಭಿಮಾನಕ್ಕೆ ಪೆಟ್ಟು ಬಿತ್ತು. "ನಾಳೆ ಭಾನುವಾರ. ಬೇಗ ಏಳು, ತೋರಿಸುತ್ತೇನೆ" ಎಂದೆ.

ಬೆಳಗ್ಗೆ ಮೊದಲು ಹೋದದ್ದು ತುಂಗೆಯ ದಡದ ಶಿವಪ್ಪನಾಯಕನ ಅರಮನೆಗೆ. ಎರಡಂತಸ್ತಿನ ಕಟ್ಟಡ, ನಡುವೆ ದರ್ಬಾರು ಹಜಾರ, ಎತ್ತರವಾದ ಮರದ ಕಂಬಗಳು, ಕಂಬದಿಂದ ಕಂಬಕ್ಕೆ ಕೆತ್ತನೆಯ ಕಮಾನು. ಈಗ ಅದು ಸರ್ಕಾರದ ವಸ್ತುಸಂಗ್ರಹಾಲಯ. ಅಂಗಳದಲ್ಲಿ ಸುತ್ತಲ ಊರುಗಳಿಂದ ತಂದಿಟ್ಟ ವೀರಗಲ್ಲು, ಮಾಸ್ತಿಗಲ್ಲುಗಳು ಬಿಸಿಲು ಕಾಯಿಸುತ್ತ ನಿಂತಿವೆ.

ನಾನು ಉತ್ಸಾಹದಿಂದ ಶಿವಪ್ಪನಾಯಕನ ವಿಷಯ ತೆಗೆದೆ. 1645ರಿಂದ 1660ರ ವರೆಗೆ ಆಳಿದ ಈ ಕೆಳದಿಯ ಅರಸು ಕರಾವಳಿಯ ಕೋಟೆಗಳಿಂದ ಪೋರ್ಚುಗೀಸರನ್ನು ಹೊರಡಿಸಿದ. ಆದರೆ ಮಲೆನಾಡಿನ ರೈತ ಅವನನ್ನು ನೆನೆದದ್ದು ಯುದ್ಧಕ್ಕಾಗಿ ಅಲ್ಲ, 'ಶಿಸ್ತಿ'ಗಾಗಿ. ಶಿಸ್ತು ಎಂಬ ಮಾತನ್ನು ನಾವೀಗ ಶಾಲೆಯ ಮಕ್ಕಳನ್ನು ಗದರಿಸಲು ಬಳಸುತ್ತೇವೆ. ಅಂದು ಅದು ಕಂದಾಯದ ಲೆಕ್ಕ. ಊರೂರಿನಲ್ಲಿ ಒಂದೊಂದು ಬಗೆಯ ಭೂಮಿಯನ್ನು ಆರಿಸಿಕೊಂಡು, ಹನ್ನೆರಡು ವರ್ಷ ಬೇಸಾಯ ಮಾಡಿಸಿ, ಬಿತ್ತಿದ ಬೀಜವೆಷ್ಟು, ತಗುಲಿದ ಖರ್ಚೆಷ್ಟು, ಬಂದ ಫಸಲೆಷ್ಟು ಎಂದು ಬರೆಸಿ, ಆಮೇಲೆ ತೆರಿಗೆ ಕಟ್ಟಿದನೆಂದು ಹೇಳುತ್ತಾರೆ. ಹನ್ನೆರಡು ವರ್ಷ ಕಾದು ತೆರಿಗೆ ಹಾಕಿದ ಸರ್ಕಾರ!

"ಹಾಗಾದರೆ ಅವನು ಇದೇ ಹಜಾರದಲ್ಲಿ ಕೂತು ಲೆಕ್ಕ ನೋಡುತ್ತಿದ್ದನೇ?" ಎಂದು ಅಳಿಯ ಕೇಳಿದ.

ಇಲ್ಲಿ ನಾನು ಸ್ವಲ್ಪ ತಡವರಿಸಬೇಕಾಯಿತು. ಶಿವಪ್ಪನಾಯಕನ ರಾಜಧಾನಿ ಬಿದನೂರು, ಈಗಿನ ನಗರ. ಈ ಕಟ್ಟಡವಾದರೋ ಹದಿನೆಂಟನೆಯ ಶತಮಾನದ್ದು, ಹೈದರಾಲಿಯ ಕಾಲದ್ದೆಂಬುದು ಇತಿಹಾಸ ಬಲ್ಲವರ ಮಾತು. ಹೈದರನು ಬಿದನೂರನ್ನು ಗೆದ್ದದ್ದು 1763ರಲ್ಲಿ. ಆಗ ಶಿವಪ್ಪನಾಯಕ ತೀರಿಕೊಂಡು ನೂರು ವರ್ಷ ದಾಟಿತ್ತು. ಗೆದ್ದವನ ಕಾಲದ ಮನೆಗೆ ಜನ ಸೋತ ಮನೆತನದ ಅರಸನ ಹೆಸರಿಟ್ಟುಕೊಂಡರು.

ಅಳಿಯ ನಗಲಿಲ್ಲ. "ಕ್ಯೋಟೋದಲ್ಲೂ ಹೀಗೇ ಮಾವ. ಚಿನ್ನದ ಮಂಟಪ ಅಂತ ಎಲ್ಲರೂ ಮುಗಿಬಿದ್ದು ನೋಡುತ್ತಾರೆ. ಹಳೇದು 1950ರಲ್ಲಿ ಸುಟ್ಟುಹೋಯಿತು. ಈಗಿರೋದು 1955ರಲ್ಲಿ ಮತ್ತೆ ಕಟ್ಟಿದ್ದು" ಎಂದ. ನನಗೆ ಸಮಾಧಾನವಾಯಿತು. ಜನರು ಉಳಿಸಿಕೊಳ್ಳಬೇಕೆಂದು ಮನಸ್ಸು ಮಾಡಿದ್ದು ಉಳಿಯುತ್ತದೆ. ಮರ ಹೊಸದಾದರೂ ಸರಿ, ಹೆಸರು ಬೇರೆಯಾದರೂ ಸರಿ.

ಕೋಟೆ ಆಂಜನೇಯನಿಗೆ ಕೈಮುಗಿದು ಹೊರಬಂದೆವು. ದೇವಸ್ಥಾನದ ಹೆಸರಿನಲ್ಲಿ ಕೋಟೆ ಉಳಿದಿದೆ. 1791ರ ಡಿಸೆಂಬರ್ ಕೊನೆಯಲ್ಲಿ ಪರಶುರಾಮ ಭಾವುವಿನ ಮರಾಠಾ ಪಡೆ, ಕ್ಯಾಪ್ಟನ್ ಲಿಟ್ಲನ ಇಂಗ್ಲಿಷ್ ತುಕಡಿಯೊಡನೆ ಬಂದು, ಊರಿನ ಹತ್ತಿರ ಟಿಪ್ಪುವಿನ ಸೇನೆಯನ್ನು ಸೋಲಿಸಿತು. ಕೆಲವು ದಿನಗಳಲ್ಲೇ ಕೋಟೆಯೂ ಶರಣಾಯಿತು. ಅಷ್ಟೆಲ್ಲ ನೋಡಿದ ತುಂಗೆ ಏನೂ ಅರಿಯದವಳಂತೆ ಹರಿಯುತ್ತಿದ್ದಳು.

ಮಧ್ಯಾಹ್ನಕ್ಕೆ ಭದ್ರಾವತಿ. ಶಿವಮೊಗ್ಗದಿಂದ ಸುಮಾರು 20 ಕಿಲೋಮೀಟರು, ಬಸ್ಸಿನಲ್ಲಿ ಒಂದು ನಿದ್ದೆಗೂ ಸಾಲದ ದೂರ. ಊರಿನ ಹಳೆಯ ಹೆಸರು ಬೆಂಕಿಪುರ. ಹೊಳೆಯ ಹೆಸರನ್ನು ಆಮೇಲೆ ಇಟ್ಟುಕೊಂಡಿತು. ಬೆಂಕಿಯ ಹೆಸರು ಬಿಟ್ಟ ಮೇಲೆಯೇ ಊರಿನ ಬಾಳೆಲ್ಲ ಬೆಂಕಿಯ ಮೇಲೆ ನಿಂತದ್ದು ಒಂದು ವಿಚಿತ್ರ.

ಮೊದಲು ಹಳೇ ಪೇಟೆಯ ಲಕ್ಷ್ಮೀನರಸಿಂಹ ದೇವಾಲಯ ನೋಡಿದೆವು. ಹದಿಮೂರನೆಯ ಶತಮಾನದ ಹೊಯ್ಸಳರ ತ್ರಿಕೂಟ. ಎತ್ತರದ ಜಗತಿಯ ಮೇಲೆ ಮೂರು ಗರ್ಭಗುಡಿ. ಇದು ಬೇಲೂರಿನಲ್ಲಿದ್ದಿದ್ದರೆ ಹೊರಗೆ ಬಸ್ಸುಗಳ ಸಾಲು ನಿಂತಿರುತ್ತಿತ್ತು. ನಾವು ಹೋದಾಗ ನಾವಿಬ್ಬರು, ಅರ್ಚಕರು, ಒಂದು ಬೆಕ್ಕು, ಇಷ್ಟೇ ಮಂದಿ.

ಅಲ್ಲಿಂದ ಚಿಕ್ಕಪ್ಪನ ಮನೆ. ಎಂಬತ್ತು ದಾಟಿದ ಅವರು ಕಬ್ಬಿಣದ ಕಾರ್ಖಾನೆಯ ಎರಕದ ವಿಭಾಗದಲ್ಲಿ ದುಡಿದು ನಿವೃತ್ತರಾದವರು. ಊಟವಾದ ಮೇಲೆ ಕೋಲು ಹಿಡಿದು ನಮ್ಮೊಡನೆ ಹೊರಟರು. ಅಪ್ಪಣೆಯಿಲ್ಲದೆ ಒಳಗೆ ಬಿಡುವುದಿಲ್ಲವಾದ್ದರಿಂದ, ಗೋಡೆಯಾಚೆಯಿಂದಲೇ ಬೆರಳು ಮಾಡಿ ತೋರಿಸಿದರು.

ಕಾರ್ಖಾನೆ ಕೆಲಸ ಆರಂಭಿಸಿದ್ದು 1923ರ ಜನವರಿ 18ರಂದು, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ. ಅದರ ಹಿಂದಿದ್ದ ಮನಸ್ಸು ಸರ್ ಎಂ. ವಿಶ್ವೇಶ್ವರಯ್ಯನವರದು. ಕೆಮ್ಮಣ್ಣುಗುಂಡಿಯಲ್ಲಿ ಅದಿರಿತ್ತು, ಪಕ್ಕದಲ್ಲಿ ಭದ್ರೆಯ ನೀರಿತ್ತು. ಕಲ್ಲಿದ್ದಲು ಮಾತ್ರ ಇರಲಿಲ್ಲ. ಆದ್ದರಿಂದ ಮಲೆನಾಡಿನ ಮರವನ್ನೇ ಇದ್ದಿಲು ಮಾಡಿ ಊದುಕುಲುಮೆಗೆ ಸುರಿದರು. ಮರ ಬೇಯುವಾಗ ಬಂದ ಹೊಗೆಯನ್ನೂ ಬಿಡದೆ ಡಾಂಬರು, ಮದ್ಯಸಾರಗಳನ್ನು ತೆಗೆದರು. ಕಾಡು ತೆತ್ತ ಬೆಲೆ ದೊಡ್ಡದು, ಅದನ್ನು ಮುಚ್ಚಿಡಬಾರದು. ಜೋಗದ ವಿದ್ಯುತ್ತು ಬಂದ ಮೇಲೆ ವಿದ್ಯುತ್ ಕುಲುಮೆಗಳೂ ಬಂದವು.

"ಕುಲುಮೆ ಅಂದ್ರೆ ಅಡಿಗೆಮನೆ ಒಲೆಯಲ್ಲ ಮಗಾ" ಎಂದು ಚಿಕ್ಕಪ್ಪ ಅಳಿಯನಿಗೆ ಹೇಳಿದರು. "ಹಬ್ಬ ಅಂತ ಆರಿಸೋ ಹಾಗಿಲ್ಲ, ಮಳೆ ಅಂತ ಆರಿಸೋ ಹಾಗಿಲ್ಲ. ಆರಿದರೆ ಒಳಗಿನ ಕಬ್ಬಿಣ ಗಟ್ಟಿಯಾಗಿ ಕೂತುಬಿಡುತ್ತೆ. ನಮ್ಮಪ್ಪ ಕಾದರು, ನಾನು ಕಾದೆ."

ಆಮೇಲೆ ಯಾರು ಕಾದರೆಂದು ಅಳಿಯ ಕೇಳಲಿಲ್ಲ. 1989ರಲ್ಲಿ ಕಾರ್ಖಾನೆ ಭಾರತೀಯ ಉಕ್ಕು ಪ್ರಾಧಿಕಾರದ ಕೈಗೆ ಹೋಯಿತು. ನೂರು ವರ್ಷ ತುಂಬಿದ 2023ರ ಜನವರಿಯಲ್ಲೇ ಅದನ್ನು ಮುಚ್ಚುವ ತೀರ್ಮಾನ ಹೊರಬಿತ್ತು. ಅದೇ ಆಗಸ್ಟಿನಲ್ಲಿ ಒಂದು ಭಾಗದ ಕೆಲಸ ಮತ್ತೆ ಶುರುವಾಯಿತು. ನೆರೆಯ ಮೈಸೂರು ಕಾಗದದ ಕಾರ್ಖಾನೆಯದೂ ಅಂಥದೇ ಕಥೆ. 1936ರಲ್ಲಿ ಸ್ಥಾಪನೆಯಾಗಿ, 1981ರಿಂದ ಪತ್ರಿಕೆಗಳಿಗೆ ಬೇಕಾದ ಕಾಗದವನ್ನೂ ಮಾಡಿದ ಅದರ ಯಂತ್ರಗಳು 2015ರಲ್ಲಿ ನಿಂತವು. ಓದುಗರು ಯಾವುದಾದರೂ ಹಳೆಯ ಪುರವಣಿಯನ್ನು ಜೋಪಾನವಾಗಿಟ್ಟಿದ್ದರೆ, ಅದರ ಕಾಗದ ಈ ಊರಿನದೇ ಆಗಿರಲೂಬಹುದು.

ವಿಶ್ವೇಶ್ವರಯ್ಯನವರು ಜಪಾನನ್ನು ಸುತ್ತಿ ಬಂದದ್ದು 1898ರಲ್ಲಿ. ಆಗ ಅಲ್ಲಿ ಯವಾಟ ಎಂಬಲ್ಲಿ ಸರ್ಕಾರದ ಉಕ್ಕಿನ ಕಾರ್ಖಾನೆ ಏಳುತ್ತಿತ್ತು; 1901ರಲ್ಲಿ ಅದರ ಕುಲುಮೆಗೆ ಬೆಂಕಿ ಬಿತ್ತು. ಆ ಕುಲುಮೆಯೂ ಎಂದೋ ಆರಿದೆ. ಆದರೆ ಅದರ ಜಾಗದಲ್ಲಿ ಮತ್ತೆ ಮತ್ತೆ ಕಟ್ಟಿದ ಕುಲುಮೆಗಳಲ್ಲಿ ಕೊನೆಯದನ್ನು, '1901' ಎಂಬ ಅಂಕಿ ಬರೆದು, ಊರಿನ ನಡುವೆ ಸ್ಮಾರಕವಾಗಿ ನಿಲ್ಲಿಸಿಕೊಂಡಿದ್ದಾರೆ. ಅದೇ ಕಾರ್ಖಾನೆಯ ಹಳೆಯ ಕಚೇರಿ 2015ರಲ್ಲಿ ವಿಶ್ವಪರಂಪರೆಯ ಪಟ್ಟಿಗೂ ಸೇರಿತು. ಸ್ಮಾರಕವೆಂದರೆ ರಾಜ ಮಲಗಿದ ಮನೆ, ದೇವರು ಕೂತ ಗುಡಿ ಎಂದಷ್ಟೇ ನಾವು ತಿಳಿದಿದ್ದೇವೆ. ಸಾವಿರಾರು ಮಂದಿ ಮೂರು ಪಾಳಿಯಲ್ಲಿ ಬೆವರು ಸುರಿಸಿದ ಜಾಗವೂ ಹಾಗೆಯೇ ಆಗಬಾರದೇಕೆ? ಕಾರ್ಖಾನೆ ನಡೆಯುವುದೂ ಬಿಡುವುದೂ ಲಾಭನಷ್ಟದ ಲೆಕ್ಕ; ಅದನ್ನು ಬಲ್ಲವರು ನೋಡಿಕೊಳ್ಳಲಿ. ನೆನಪಿನ ಲೆಕ್ಕ ಮಾತ್ರ ನಮ್ಮದು. ಚಿಕ್ಕಪ್ಪನಂಥವರು ಇನ್ನೂ ಬೆರಳು ಮಾಡಿ ತೋರಿಸಬಲ್ಲವರಾಗಿರುವಾಗಲೇ ಅದನ್ನು ಬರೆದಿಡಬೇಕು.

ಸಂಜೆ ಹೊಳೆಹೊನ್ನೂರಿನ ದಾರಿ ಹಿಡಿದು ಕೂಡ್ಲಿಗೆ ಹೋದೆವು. ಬೆಳಗ್ಗೆ ಅರಮನೆಯ ಪಕ್ಕದಲ್ಲಿ ಕಂಡ ತುಂಗೆ, ಮಧ್ಯಾಹ್ನ ಕಾರ್ಖಾನೆಯ ಊರಿನಲ್ಲಿ ಕಂಡ ಭದ್ರೆ, ಇಲ್ಲಿ ಕೂಡಿ ತುಂಗಭದ್ರೆಯಾಗುತ್ತವೆ. ಅಳಿಯ ಮೆಟ್ಟಿಲ ಮೇಲೆ ಕೂತು ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ, "ಮಾವ, ತಾತನ್ನ ಇನ್ನೊಂದು ಸಲ ನೋಡಬೇಕು. ಅವರು ಹೇಳೋದನ್ನೆಲ್ಲ ಬರೆದುಕೊಳ್ಳುತ್ತೇನೆ" ಎಂದ.

"ಒಂದು ದಿನ ಸಾಲದು ಕಣೋ" ಎಂದೆ.