ಚಿನ್ನದ ಗಣಿಯ ಪಟಾಲಂ

ಬಂಗಾರಪೇಟೆಯಿಂದ ಕವಲೊಡೆದು ಮಾರಿಕುಪ್ಪದವರೆಗೆ ಹೋಗುವ ಹತ್ತು ಮೈಲಿಯ ರೈಲುದಾರಿಯು 1894ರಲ್ಲಿ ಸಂಚಾರಕ್ಕೆ ತೆರೆಯಲ್ಪಟ್ಟಿತು. ಮೈಸೂರಿನ ಕಮೀಷನರಾಗಿದ್ದ ಬೌರಿಂಗ್ ದೊರೆಯ ಹೆಸರಿನಿಂದ ಆ ಊರಿಗೆ ಆಗ ಬೌರಿಂಗ್‌ಪೇಟೆಯೆಂದೇ ಹೆಸರು. ಯಂತ್ರಗಳೂ ಕೂಲಿಯ ಜನರೂ ಈ ದಾರಿಯಿಂದ ಗಣಿಗಳಿಗೆ ಬಂದರು; 1902ರಲ್ಲಿ ಶಿವನಸಮುದ್ರದಿಂದ 92 ಮೈಲಿಗಳ ತಂತಿಯ ಮೂಲಕ ವಿದ್ಯುಚ್ಛಕ್ತಿಯೂ ಬಂದಿತು. ಇಷ್ಟನ್ನು ವಾಚಕರು ಬಲ್ಲರು. ಆದರೆ ಅದರ ಮರುವರ್ಷವೇ ಗಣಿಗಳ ನಡುವೆ ಒಂದು ಸಣ್ಣ ದಂಡು ಹುಟ್ಟಿತೆಂಬುದು ಬಹುಮಂದಿಗೆ ತಿಳಿಯದು.

1903ರಲ್ಲಿ ಕಟ್ಟಲ್ಪಟ್ಟ ಆ ದಂಡಿಗೆ ಕೋಲಾರ್ ಗೋಲ್ಡ್ ಫೀಲ್ಡ್ಸ್ ರೈಫಲ್ ವಾಲಂಟಿಯರ್ಸ್ ಎಂದು ಹೆಸರು. ಇದರಲ್ಲಿದ್ದವರು ಸಂಬಳದ ಸಿಪಾಯಿಗಳಲ್ಲ. ಗಣಿಯ ಕೆಲಸ ಮುಗಿದಮೇಲೆ ಸಮವಸ್ತ್ರ ತೊಟ್ಟು ಕವಾಯತು ಮಾಡುವ, ಬಂದೂಕಿನಿಂದ ಗುರಿಯಿಡುವುದನ್ನು ಕಲಿಯುವ ಬಿಳಿಯ ನೌಕರರು. 1857ರ ದಂಗೆಯ ಭಯವು ಆಂಗ್ಲರ ಮನಸ್ಸಿನಿಂದ ಬಹುಕಾಲ ಮಾಸಲಿಲ್ಲವಾಗಿ, ಚಹಾ ತೋಟ, ರೈಲ್ವೆ, ಬಂದರು, ಗಣಿಗಳಲ್ಲೆಲ್ಲಾ ಇಂತಹ ಪಡೆಗಳು ಎದ್ದಿದ್ದವು. ಕೋಲಾರದ ಗಣಿಗಳು ಮೈಸೂರು ಮಹಾರಾಜರ ಸೀಮೆಯೊಳಗೇ ಇದ್ದರೂ ಅಲ್ಲಿನ ಈ ಪಡೆಯು ಮಾತ್ರ ಬ್ರಿಟಿಷ್ ಇಂಡಿಯಾದ ಸೈನ್ಯವ್ಯವಸ್ಥೆಗೆ ಸೇರಿದ್ದಿತು.

ಮೊದಲನೆಯ ಮಹಾಯುದ್ಧವು ಈ ಕವಾಯತಿನ ಸ್ವರೂಪವನ್ನೇ ಮಾರ್ಪಡಿಸಿತು. 1917ರಲ್ಲಿ ಇಂಡಿಯನ್ ಡಿಫೆನ್ಸ್ ಫೋರ್ಸ್ ಎಂಬ ಪಡೆಯ ಕಾಯಿದೆ ಜಾರಿಗೆ ಬಂದು, ಐರೋಪ್ಯ ಬ್ರಿಟಿಷ್ ಪ್ರಜೆಗಳಿಗೆ ಸೈನ್ಯಸೇವೆಯು ಕಡ್ಡಾಯವಾಯಿತು. ಹದಿನೆಂಟರಿಂದ ನಲವತ್ತೊಂದು ವರ್ಷದೊಳಗಿನವರು ಇಂಡಿಯಾದೊಳಗೆ ಎಲ್ಲಿಗಾದರೂ ಹೋಗಬೇಕು. ಐವತ್ತರವರೆಗಿನ ಹಿರಿಯರು ತಮ್ಮ ಸ್ಥಳದಲ್ಲಿಯೇ ಕಾವಲಿರಬೇಕು. ನಿನ್ನೆಯವರೆಗೆ ಇಚ್ಛೆಯಿಂದ ಬಂದೂಕು ಹಿಡಿದವನು ಅಂದಿನಿಂದ ಕಾನೂನಿಗೆ ಬದ್ಧನಾದನು. ಪಡೆಯೂ ಕೋಲಾರ್ ಗೋಲ್ಡ್ ಫೀಲ್ಡ್ ಬೆಟಾಲಿಯನ್ ಎಂಬ ಹೆಸರನ್ನು ತಾಳಿತು. ಅದೇ ಯುದ್ಧದಲ್ಲಿ ಮೈಸೂರಿನ ಲಾನ್ಸರ್ಸ್ ಕುದುರೆ ಪಡೆಯವರು ಸಮುದ್ರ ದಾಟಿ ಹೋಗಿ, 1918ನೆಯ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ಗೆದ್ದವರಲ್ಲಿ ಸೇರಿದ್ದರು. ಹೀಗಿರಲು ಸಂಸ್ಥಾನದ ಪ್ರಜೆಗಳಿಗೆ ಶೌರ್ಯವಿರಲಿಲ್ಲವೆಂದು ಹೇಳುವಂತೆಯೇ ಇಲ್ಲ.

ಆದರೂ 1920ರಲ್ಲಿ ಸರ್ಕಾರದವರು ಎರಡು ಬೇರೆ ಬೇರೆ ಕಾಯಿದೆಗಳನ್ನು ಮಾಡಿದರು. ಇಂಡಿಯನರಿಗೆ ಟೆರಿಟೋರಿಯಲ್ ಫೋರ್ಸ್, ಐರೋಪ್ಯರಿಗೂ ಆಂಗ್ಲೋ ಇಂಡಿಯನರಿಗೂ ಆಕ್ಸಿಲಿಯರಿ ಫೋರ್ಸ್. ಗಣಿಯ ಪಟಾಲಂ ಎರಡನೆಯದಕ್ಕೆ ಸೇರಿತು. ಇಲ್ಲಿಯೇ ಅದರ ಇತಿಹಾಸದ ಮರ್ಮವಿದೆ. ಉತ್ತರ ಆರ್ಕಾಡು, ಚಿತ್ತೂರು, ಸೇಲಂ ಸೀಮೆಗಳಿಂದ ಬಂದು ಸಹಸ್ರಾರು ಅಡಿ ಆಳದಲ್ಲಿ ಬೆವರು ಸುರಿಸುತ್ತಿದ್ದ ಕೂಲಿಯವನಿಗೆ ಬಂಡೆಯು ಯಾವ ಗಳಿಗೆಯಲ್ಲಿ ಸಿಡಿದೀತೆಂಬುದೇ ನಿತ್ಯಯುದ್ಧ. ಆ ಯುದ್ಧದಲ್ಲಿ ಅವನಿಗೆ ಬಿಡುವಿಲ್ಲ. ಪಟಾಲಮ್ಮಿನಲ್ಲಿ ಅವನಿಗೆ ಎಡೆಯಿಲ್ಲ. 1930ರಲ್ಲಿ ಕೂಲಿಗಳ ಹೆಬ್ಬೆಟ್ಟಿನ ಗುರುತನ್ನು ದಾಖಲೆ ಮಾಡಿಕೊಳ್ಳುವ ಕ್ರಮವನ್ನು ವಿರೋಧಿಸಿ ಸಾವಿರಾರು ಜನ ಕೆಲಸ ನಿಲ್ಲಿಸಿದರು. ಒಂದೇ ಗಣಿಯಲ್ಲಿ ಒಬ್ಬನ ಕೈಗೆ ಬಂದೂಕು, ಮತ್ತೊಬ್ಬನ ಕೈಬೆರಳಿಗೆ ಮಸಿ. ಹೊರಗಿನ ಶತ್ರುವಿಗಾಗಿ ಕಟ್ಟಿದ್ದೆಂದು ಹೇಳಿದ ಪಡೆಯ ದೃಷ್ಟಿ ಒಳಗಿನ ಜನರ ಮೇಲೆಯೂ ಇರಲಿಲ್ಲವೆಂದು ನಂಬುವುದು ಕಷ್ಟ.

ಎರಡನೆಯ ಮಹಾಯುದ್ಧದಲ್ಲಿ ಹೊರಗಿನ ಶತ್ರುವೂ ಸಮೀಪಿಸಿದನು. ಬರ್ಮಾ ದೇಶವು ಜಪಾನಿಯರ ವಶವಾಗುತ್ತಿದ್ದಾಗ, 1942ನೆಯ ಏಪ್ರಿಲ್ 6ರಂದು ವಿಶಾಖಪಟ್ಟಣ, ಕಾಕಿನಾಡಗಳ ಮೇಲೆ ಬಾಂಬುಗಳು ಬಿದ್ದವು. ಮದರಾಸಿನ ಜನರು ಮನೆಮಠ ಬಿಟ್ಟು ಒಳನಾಡಿನ ಕಡೆಗೆ ಹೊರಟರು. ಕೋಲಾರದಲ್ಲಿ ವಿಮಾನದಾಣವು ಸಿದ್ಧವಾಗಿ, ಮರದ ಮೈಯುಳ್ಳ ಮೊಸ್ಕಿಟೋ ಎಂಬ ಯುದ್ಧವಿಮಾನವನ್ನು ನಡೆಸಲು ವೈಮಾನಿಕರಿಗೆ ಕಲಿಸುವ ಘಟಕವು ಕೆಲಕಾಲ ಅಲ್ಲಿದ್ದಿತು. ಗಣಿಯವರೆಗೆ ಮಾತ್ರ ಶತ್ರುವು ಬರಲಿಲ್ಲ. ನಾಲ್ಕು ದಶಕಗಳ ಕವಾಯತಿನ ಬಳಿಕವೂ ಜಪಾನಿಯರ ಮೇಲೆ ಗುಂಡು ಹಾರಿಸುವ ಸಂದರ್ಭ ಆ ನೆಲದಲ್ಲಿ ಒದಗಲಿಲ್ಲ.

1947ರಲ್ಲಿ ದೇಶವು ಸ್ವತಂತ್ರವಾಗಲು ಪಟಾಲಂ ವಿಸರ್ಜಿಸಲ್ಪಟ್ಟಿತು. ಜನಾಂಗಭೇದವಿಲ್ಲದ ಹೊಸ ಟೆರಿಟೋರಿಯಲ್ ಆರ್ಮಿಯನ್ನು 1949ನೆಯ ಅಕ್ಟೋಬರ್ 9ರಂದು ಗವರ್ನರ್ ಜನರಲ್ ರಾಜಗೋಪಾಲಾಚಾರ್ಯರು ಉದ್ಘಾಟಿಸಿದರು. ಗಣಿಗಳು 1956ರಲ್ಲಿ ಮೈಸೂರು ಸರ್ಕಾರದ ಕೈಸೇರಿ, 1962ರಲ್ಲಿ ಕೇಂದ್ರಕ್ಕೆ ಹೋಗಿ, 2001ನೆಯ ಫೆಬ್ರವರಿ 28ರಂದು ಮುಚ್ಚಲ್ಪಟ್ಟವು. ಅಷ್ಟರಲ್ಲಿ, 1964ರಲ್ಲಿ ಸ್ಥಾಪಿತವಾದ ಭಾರತ್ ಅರ್ಥ್ ಮೂವರ್ಸ್ ಕಾರ್ಖಾನೆಯು ರಕ್ಷಣಾ ಸಚಿವಾಲಯದ ಅಧೀನದಲ್ಲಿ ಅಲ್ಲಿ ನೆಲೆಗೊಂಡಿದ್ದಿತು. ಗಣಿಯ ಕೂಲಿಗಳ ಮಕ್ಕಳು ಮೊಮ್ಮಕ್ಕಳಲ್ಲಿ ಕೆಲವರಿಗೆ ಅದರಲ್ಲಿ ಕೆಲಸ ದೊರೆಯಿತು.